ಎಐ ಬೋರ್ಡು, ನೀಲಿ ಪರದೆ

"ಸರ್, ಲ್ಯಾಬಲ್ಲಿ ಇನ್ನೂ ಟರ್ಬೊ ಸಿ ಪ್ಲಸ್ ಪ್ಲಸ್‌ನ ನೀಲಿ ಪರದೇನೇ. ಈಗಿನ ವಿಂಡೋಸಲ್ಲಿ ನೇರ ಓಡಲ್ಲ ಅಂತ ಡಾಸ್‌ಬಾಕ್ಸ್ ಒಳಗೆ ಕೂರಿಸಿದ್ದೀವಿ."

"ಓಡ್ತಿದೆಯಲ್ಲ?"

"ಆ ಭಾಷೆಗೆ ಐಎಸ್‌ಒ ಮಾನಕ ಬಂದಿದ್ದೇ 1998ರಲ್ಲಿ. ಈ ಕಂಪೈಲರ್ ಅದಕ್ಕಿಂತ ಹಳೇದು. ಪೈಥಾನ್ ತರೋಣ ಸರ್."

"ಅಷ್ಟು ಹೊಸದಕ್ಕೆ ಬೋರ್ಡ್ ಆಫ್ ಸ್ಟಡೀಸ್ ಒಪ್ಪಲ್ಲ ಕಣ್ರೀ."

"ಅದು ಬಂದಿದ್ದು 1991ರಲ್ಲಿ, ಸರ್."

"ಹಾಗಾದ್ರೆ ಹಳೇದಾಯ್ತು, ಬಿಡಿ! ನ್ಯಾಕ್ ತಂಡ ಬರ್ತಿದೆ. ಬಾಗಿಲಿಗೆ 'ಎಐ ಉತ್ಕೃಷ್ಟತಾ ಕೇಂದ್ರ' ಅಂತ ಬೋರ್ಡ್ ಬರೆಸಿ."

"ಒಳಗೆ?"

"ಒಳಗೆ ಅದೇ ಇರ್ಲಿ. ಎಕ್ಸ್‌ಟರ್ನಲ್ ಆಗಿ ಬರೋರಿಗೂ ಗೊತ್ತಿರೋದು ಅದೊಂದೇ."

"ಹುಡುಗರು ಪ್ರೋಗ್ರಾಮೆಲ್ಲ ಚಾಟ್‌ಜಿಪಿಟಿ ಹತ್ರ ಬರೆಸ್ತಿದ್ದಾರೆ ಸರ್."

"ರೆಕಾರ್ಡ್ ಬುಕ್ಕಿಗೆ ಕೈಯಲ್ಲೇ ಇಳಿಸ್ತಾರೆ ತಾನೆ? ಔಟ್‌ಪುಟ್ಟು ಎಡಗಡೆ ಪುಟದಲ್ಲಿ, ಪೆನ್ಸಿಲಲ್ಲಿ ಇರ್ಬೇಕು. ಇಲ್ದಿದ್ರೆ ಸೈನ್ ಹಾಕ್ಬೇಡಿ."