ಕೈಗುಣ ಮೀಮಾಂಸೆ: ದಾವಣಗೆರೆ-ಹರಿಹರ ಶಾಖೆ

ಸರ್ವರೋಗ ವೈದ್ಯರ ಅಧಿದೇವತೆ ಯಾರೆಂಬ ವಾದಕ್ಕೆ ಹರಿಹರದಲ್ಲಿ ಆಸ್ಪದವಿಲ್ಲ. ಹೊಯ್ಸಳ ದಂಡನಾಯಕ ಪೋಲಾಳ್ವ 13ನೇ ಶತಮಾನದಲ್ಲಿ ಕಟ್ಟಿಸಿದ ಹರಿಹರೇಶ್ವರ ಗುಡಿಯ ವಿಗ್ರಹದಲ್ಲಿ ಬಲಕ್ಕೆ ಹರ, ಎಡಕ್ಕೆ ಹರಿ. ಎರಡು ವಿಭಾಗ, ಮುಖ್ಯಸ್ಥ ಒಬ್ಬನೇ. ರೆಫರಲ್ ಚೀಟಿಯ ಗೊಡವೆಯಿಲ್ಲ.

ಪೂರ್ವಪಕ್ಷಿಗಳ ಠಿಕಾಣಿ ಪಕ್ಕದ ದಾವಣಗೆರೆ. 1965ರಲ್ಲಿ ಜೆಜೆಎಂ ವೈದ್ಯಕೀಯ ಕಾಲೇಜು ಬಂತು, 2006ರಲ್ಲಿ ಎಸ್‌ಎಸ್ ಸಂಸ್ಥೆ. ಮಂಡಿಗೊಬ್ಬರು, ಮೂಗಿಗೊಬ್ಬರು ತಜ್ಞರಿರುವ ಊರಲ್ಲಿ ಬರೀ ಎಂಬಿಬಿಎಸ್ ಬೋರ್ಡಿನವರಿಗೆ ಏನು ಗೊತ್ತು ಎಂಬುದು ಅವರ ಆಕ್ಷೇಪ.

ಈ ಆಕ್ಷೇಪಕ್ಕೆ ಉತ್ತರವಾಗಿ ಪ್ರಮಾಣ ಹೊರದೇಶದಿಂದ ತರಬೇಕು. ತರದಿದ್ದರೆ ಪ್ರಬಂಧಕ್ಕೆ ಗಾಂಭೀರ್ಯ ಬರುವುದಿಲ್ಲ. 1961ರಲ್ಲಿ ವೈದ್ಯ ಸಂಶೋಧಕ ಕೆರ್ ವೈಟ್ ಮತ್ತು ಸಂಗಡಿಗರು ಅಮೆರಿಕ, ಬ್ರಿಟನ್‌ಗಳ ಅಂಕಿಅಂಶ ಹಿಡಿದು ಲೆಕ್ಕ ಹಾಕಿದರು. ತಿಂಗಳೊಂದರಲ್ಲಿ 1000 ವಯಸ್ಕರ ಪೈಕಿ 750 ಮಂದಿಗೆ ಏನೋ ಒಂದು ತೊಂದರೆ. ಡಾಕ್ಟರ ಬಳಿ ಹೋಗುವವರು 250. ಆಸ್ಪತ್ರೆ ಸೇರುವವರು 9. ವಿಶ್ವವಿದ್ಯಾಲಯದ ಆಸ್ಪತ್ರೆಗೆ ಹೋಗುವವನು ಒಬ್ಬ. ವಿದ್ಯಾರ್ಥಿ ಕಲಿಯುವುದು ಆ ಒಬ್ಬನನ್ನು ಮುಟ್ಟಿ ನೋಡಿ. ಕ್ಲಿನಿಕ್ ತೆರೆದ ದಿನ ಬಾಗಿಲಲ್ಲಿ ನಿಲ್ಲುವವರು ಉಳಿದ 249 ಮಂದಿ!

ಈಗ ಪ್ರಸಿದ್ಧ ಗ್ಯಾಸ್ ಪ್ರಕರಣ. ದಾವಣಗೆರೆಯಲ್ಲಿ ಸಂಜೆಯಾದರೆ ಮಂಡಕ್ಕಿ-ಮಿರ್ಚಿ, ಬೆಳಗಾದರೆ ಬೆಣ್ಣೆದೋಸೆ. ಆದ್ದರಿಂದ "ಎದಿ ಉರಿತೈತ್ರಿ ಸಾರ್" ಎಂಬ ವಾಕ್ಯಕ್ಕೆ ಇಲ್ಲಿ ರೋಗಲಕ್ಷಣಕ್ಕಿಂತ ಊಟದ ವರದಿಯ ತೂಕವೇ ಹೆಚ್ಚು. ಅರೆಬೆಂದ ಪಂಡಿತ ಮಿರ್ಚಿಯ ಲೆಕ್ಕ ಕೇಳಿ ಗುಳಿಗೆ ಬರೆದು ಕಳಿಸುತ್ತಾನೆ. ಮನೆ ಡಾಕ್ಟರಿಗೆ ಆ ಮನುಷ್ಯನ ಗೊಣಗಾಟ ಹತ್ತು ವರ್ಷದಿಂದ ಬಾಯಿಪಾಠ. ಸದಾ ಗೊಣಗುವವನು ಇವತ್ತು ಮಾತಿಲ್ಲದೆ ಬೆವರುತ್ತ ಕೂತಿದ್ದಾನೆ, ಇವನ ಅಪ್ಪನೂ ಹೃದಯಾಘಾತದಲ್ಲೇ ಹೋದದ್ದು ಎಂಬುದು ತಟ್ಟನೆ ಹೊಳೆಯುತ್ತದೆ. ಮಿರ್ಚಿಯ ಮಾತೆತ್ತದೆ ಇಸಿಜಿಗೆ ಓಡಿಸುತ್ತಾರೆ. ಜನ ಇದಕ್ಕೆ ಕೈಗುಣ ಅನ್ನುತ್ತಾರೆ. ಅದರಲ್ಲಿ ಮುಕ್ಕಾಲು ಪಾಲು ನೆನಪು.

ಮಂಡಕ್ಕಿ ಭಟ್ಟಿಯ ಓಣಿಯಿಂದ ಬಂದ ಕೆಮ್ಮಿಗೂ ಇದೇ ನ್ಯಾಯ: ಔಷಧಿ ಬರೆಯುವ ಮುಂಚೆ ಹೊಗೆಯ ವಿಚಾರಣೆ.

ಉಳಿದದ್ದು ಮೇಲ್ಮನವಿ ಅಧಿಕಾರ. ಹರಿಹರದ ಅಜ್ಜಿ ದಾವಣಗೆರೆಯ ಮೂವರು ತಜ್ಞರಿಗೆ ತೋರಿಸಿಕೊಂಡು, ಮೂರು ಚೀಟಿ ಸೆರಗಿಗೆ ಕಟ್ಟಿಕೊಂಡು ಹಳೇ ಡಾಕ್ಟರ ಮುಂದೆ ಹಾಜರಾಗುತ್ತಾಳೆ.

"ದೊಡ್ಡ ಡಾಕ್ಟ್ರು ಬರದಾರ. ನುಂಗ್ಲೇನ್ರಿ?"

ಡಾಕ್ಟರು ಕನ್ನಡಕ ಏರಿಸುತ್ತಾರೆ. ಮೂರರಲ್ಲೂ ಆಸಿಡಿಟಿಯ ಅದೇ ಗುಳಿಗೆ, ಮೂರು ಕಂಪನಿಯ ಹೆಸರಲ್ಲಿ. ಎರಡಕ್ಕೆ ಗೀಟು ಎಳೆದು, ಮೊಮ್ಮಗಳ ಮದುವೆ ಎಲ್ಲಿಗೆ ಬಂತು ಎಂದು ಕೇಳುತ್ತಾರೆ.