ಬೆಲ್ಟಿಗೂ ಎಕ್ಸ್‌ಪೈರಿ ಡೇಟು

(ದೇವನಹಳ್ಳಿ ಪಕ್ಕದ ಹಳ್ಳಿ. ಜಗಲಿ ಮೇಲೆ ಮಾವ. ಎದುರಿಗೆ ಕಾರ್ ರ್‍ಯಾಲಿ ಹುಚ್ಚಿನ ಅಳಿಯ.)

ಮಾವ: ಏನ್ಲಾ, ಕಾರಿನ ಸೀಟ್ ಬೆಲ್ಟು ಹೊಸದ್ರಂಗೇ ಐತಲ್ಲ, ಮತ್ತೆ ದುಡ್ಡು ಯಾಕೆ?

ಅಳಿಯ: ಅವಧಿ ಮುಗೀತು ಮಾವ. ಎಫ್‌ಐಎ ಅಂತ ಕಾರ್ ರೇಸಿನ ವಿಶ್ವ ಸಂಸ್ಥೆ ಐತೆ, ಅದ್ರ ಲೇಬಲ್ ಮೇಲೇ ವರ್ಷ ಬರೆದವ್ರೆ.

ಮಾವ: ಬೆಲ್ಟೇನು ಹಾಲೇನ್ಲಾ, ಒಡೆದು ಹೋಗಕ್ಕೆ? ಈ ಅಂಗಿ?

ಅಳಿಯ: ಬೆಂಕಿ ತಡೆಯೋದು. ಕಾಲರ್ ಹಿಂದೆ ಎಫ್‌ಐಎ ಮಾನದಂಡದ ನಂಬರ್ 8856-2018 ಅಂತ ಕಸೂತಿ ಇರ್ಬೇಕು, ಇಲ್ದಿದ್ರೆ ತಪಾಸಣೇಲೇ ವಾಪಸ್.

ಮಾವ: ಬಟ್ಟೆಗಿಂತ ಕಸೂತಿಗೇ ರೇಟು! ದೊಡ್ಡಬಳ್ಳಾಪುರದ ಮಗ್ಗದೋರು ಅರ್ಧ ದುಡ್ಡಿಗೆ ನೇಯ್ದು ಕೊಡ್ತಾರೆ ಕಣೋ.

ಅಳಿಯ: ನೇಯ್ತಾರೆ. ಬೆಂಕಿ ಹಚ್ಚಿ ಪರೀಕ್ಷೆ ಮಾಡೋರ್‍ಯಾರು? ಆ ಖರ್ಚೂ ಬೆಲೇಲೇ ಐತೆ.

ಮಾವ: ನನ್ನ ಹೆಲ್ಮೆಟ್ ನೋಡು, ಹೆದ್ದಾರಿ ಪಕ್ಕ 200 ರೂಪಾಯಿ.

ಅಳಿಯ: ಅದು ಯಾವುದ್ರಿಂದ ಕಾಪಾಡ್ತದೆ?

ಮಾವ: 500 ರೂಪಾಯಿ ದಂಡದಿಂದ! ಉಳಿತಾಯ 300.

ಅಳಿಯ: ತಲೆ?

ಮಾವ: ಎಲ್ಲಾ ಲೆಕ್ಕಾನೂ ಒಂದೇ ಸಲ ಕೇಳ್ಬೇಡ.

ಓದುಗರ ಗಮನಕ್ಕೆ: ಐಎಸ್‌ಐ ಗುರುತಿಲ್ಲದ ದ್ವಿಚಕ್ರ ವಾಹನದ ಹೆಲ್ಮೆಟ್ ಮಾರಾಟಕ್ಕೆ ಕೇಂದ್ರ ಸರ್ಕಾರ 2021ರ ಜೂನ್ 1ರಿಂದಲೇ ನಿಷೇಧ ಹೇರಿದೆ. ರಸ್ತೆ ಬದಿಯ ಅಂಗಡಿಗೆ ಆದೇಶ ಇನ್ನೂ ತಲುಪಿಲ್ಲ; ದಾರೀಲಿ ಟ್ರಾಫಿಕ್ಕು ಜಾಸ್ತಿ.