ಊಟದ ಗೌಡರ ಹೊಸ ಹೊಟ್ಟೆ

ದೆಹಲಿಯ ಕನ್ನಡಿಗರಲ್ಲಿ ಊಟದ ಗೌಡರನ್ನು ಅರಿಯದವರಿಲ್ಲ. ದ್ವಾರಕಾದಲ್ಲಿ ಒಬ್ಬರು, ಮಯೂರ ವಿಹಾರದಲ್ಲಿ ಒಬ್ಬರು, ಇನ್ನೂ ಮುಂದೆ ಹೋದರೆ ನೋಯ್ಡಾದಲ್ಲಿ ಇಬ್ಬರು ಇರುವುದರಿಂದ ಓದುವವರು ಯಾರೂ ಹೆಗಲು ಮುಟ್ಟಿ ನೋಡಿಕೊಳ್ಳಬೇಕಾಗಿಲ್ಲ. ನಮ್ಮ ಗೌಡರ ಹುಟ್ಟೂರು ಮಂಡ್ಯದ ಕಡೆ. ನೌಕರಿ ಕೃಷಿ ಭವನದಲ್ಲಿ, ದೇಶಕ್ಕೆಲ್ಲ ಪಡಿತರ ಹಂಚುವ ಇಲಾಖೆಯಲ್ಲಿ. 2013ರ ಆಹಾರ ಭದ್ರತಾ ಕಾಯ್ದೆಯ ಲೆಕ್ಕದಲ್ಲಿ ತಲೆಗೆ ತಿಂಗಳಿಗೆ 5 ಕೆಜಿ ಧಾನ್ಯ. ಆ ಅಂಕಿ ಫೈಲಿನಲ್ಲಿ ಕಂಡಾಗಲೆಲ್ಲ ಗೌಡರು, “ಇದು ನನ್ನ ಒಂದು ವಾರದ ಬಾಬ್ತು ಕಣಯ್ಯಾ” ಎಂದು ಹೊಟ್ಟೆ ಸವರಿಕೊಂಡು ನಗುತ್ತಿದ್ದರು.

ನಗುವಂಥ ಹೊಟ್ಟೆಯೇ ಅದು. ಆರ್.ಕೆ.ಪುರಂನ ದೆಹಲಿ ಕರ್ನಾಟಕ ಸಂಘದಲ್ಲಿ ಯಾವ ಕಾರ್ಯಕ್ರಮವಿರಲಿ, ಉದ್ಘಾಟನಾ ಭಾಷಣದ ವೇಳೆಗೆ ಗೌಡರು ಅಡುಗೆಯವರ ಹತ್ತಿರ ನಿಂತು ಬಸ್ಸಾರಿನ ಖಾರದ ಬಗ್ಗೆ ಚರ್ಚಿಸುತ್ತಿರುತ್ತಿದ್ದರು. 2023ರ ಫೆಬ್ರವರಿಯಲ್ಲಿ ತಾಲ್ಕಟೋರಾ ಕ್ರೀಡಾಂಗಣದಲ್ಲಿ ಸಂಘದ ಅಮೃತ ಮಹೋತ್ಸವ ನಡೆದಾಗ ಊರಿಗೆಲ್ಲ ಪ್ರಧಾನಿ ಎಷ್ಟು ಹೊತ್ತಿಗೆ ಬರುತ್ತಾರೆ ಎಂಬ ಚಿಂತೆ, ಗೌಡರಿಗೆ ಊಟ ಎಷ್ಟು ಹೊತ್ತಿಗೆ ಎಂಬ ಚಿಂತೆ. ಪಂಕ್ತಿಯಲ್ಲಿ ಅವರ ಎಲೆ ಬಂದರೆ ಬಡಿಸುವ ಹುಡುಗರು ಬಕೆಟ್ಟನ್ನು ನೆಲಕ್ಕಿಟ್ಟು ಉಸಿರು ಬಿಟ್ಟು ಮುಂದುವರಿಯುತ್ತಿದ್ದರು. ಪಂಜಾಬಿ ಸಹೋದ್ಯೋಗಿಗಳಿಗಂತೂ ಗೌಡರೆಂದರೆ ಪ್ರಾಣ. ಪರಾಠಾದ ಮೇಲೆ ಬೆಣ್ಣೆ ಹಾಕುವಾಗ ಬೇಡ ಅನ್ನದ ಮದ್ರಾಸಿ ಅವರಿಗೆ ಸಿಕ್ಕಿದ್ದು ಇವರೊಬ್ಬರೇ. “ಗೌಡಾ ಸಾಬ್ ದಿಲ್‌ದಾರ್ ಆದ್ಮಿ ಹೈ” ಅನ್ನುತ್ತಿದ್ದರು. ಆ ದಿಲ್ಲಿನ ಸುತ್ತ ಕೊಬ್ಬು ಎಷ್ಟು ಸೇರಿದೆ ಎಂದು ಮಾತ್ರ ಯಾರೂ ಕೇಳಲಿಲ್ಲ.

ಕೇಳಿದವರು ಡಾಕ್ಟರು. ಸಕ್ಕರೆ, ಬಿಪಿ, ಮಂಡಿನೋವು, ರಾತ್ರಿ ಗೊರಕೆಯ ನಡುವೆ ನಿಂತು ಹೋಗುವ ಉಸಿರು, ಎಲ್ಲ ಪಟ್ಟಿ ಮಾಡಿದರು. ಭಾರತೀಯರಿಗೆ ಬಿಎಂಐ 23 ದಾಟಿದರೇ ತೂಕ ಹೆಚ್ಚು, 25 ದಾಟಿದರೆ ಬೊಜ್ಜು ಅಂತ ಲೆಕ್ಕ. ಗೌಡರದು 40 ದಾಟಿತ್ತು. ಹೊಟ್ಟೆ ಕೊಯ್ಯುವ ಮಾತು ಬಂತು. ಗೌಡರು ಸರ್ಕಾರಿ ಮನುಷ್ಯ, ನೋವಿಗೆ ಹೆದರುವವರಲ್ಲ, ಪೂರ್ವನಿದರ್ಶನವಿಲ್ಲದ ಕೆಲಸಕ್ಕೆ ಹೆದರುವವರು. ಹುಡುಕಿದರೆ ಅದೂ ಸಿಕ್ಕಿತು: 2011ರಲ್ಲಿ ನಿತಿನ್ ಗಡ್ಕರಿ, ಪಕ್ಷದ ಅಧ್ಯಕ್ಷರಾಗಿದ್ದಾಗ, 2014ರಲ್ಲಿ ಅರುಣ್ ಜೇಟ್ಲಿ, ಹಣಕಾಸು ಸಚಿವರಾಗಿದ್ದಾಗ. “ಫೈನಾನ್ಸ್ ಮಿನಿಸ್ಟರೇ ಕಡಿತ ಮಾಡ್ಕೊಂಡ ಮೇಲೆ ನಾವ್ಯಾರು ಕಣ್ರೀ” ಎಂದು ಗೌಡರು ಒಪ್ಪಿಗೆಯ ರುಜು ಹಾಕಿದರು.

ಸ್ಲೀವ್ ಎಂಬ ಆಪರೇಷನ್ನು. ನಾಲ್ಕೈದು ಸಣ್ಣ ತೂತು ಕೊರೆದು, ಜಠರದ ಮುಕ್ಕಾಲು ಪಾಲಿಗೂ ಹೆಚ್ಚನ್ನು ಕತ್ತರಿಸಿ ತೆಗೆದು, ಉಳಿದದ್ದನ್ನು ಬಾಳೆಕಾಯಿಯಂತೆ ಸಪೂರ ಕೊಳವೆ ಮಾಡಿ ಹೊಲಿಯುತ್ತಾರೆ. ಹಸಿವು ಹುಟ್ಟಿಸುವ ಘ್ರೆಲಿನ್ ಎಂಬ ಹಾರ್ಮೋನು ಬಹುಪಾಲು ತಯಾರಾಗುವುದು ತೆಗೆದು ಹಾಕಿದ ಆ ಭಾಗದಲ್ಲೇ. ಹಾಗಾಗಿ ಹೊಟ್ಟೆಯ ಜೊತೆಗೆ ಹಸಿವೂ ಹೋಯಿತು. ಆಸೆ ಮಾತ್ರ ಡಾಕ್ಟರ ಕತ್ತರಿಗೆ ಸಿಗಲಿಲ್ಲ, ಅದು ನಾಲಿಗೆಯ ಮೇಲೆ ಇತ್ತು.

ಮನೆಗೆ ಬಂದ ಗೌಡರು ಮೊದಲೆರಡು ವಾರ ನೀರಾಹಾರಿ. ಆಮೇಲೆ ನುಣ್ಣಗೆ ಅರೆದದ್ದು, ಆಮೇಲೆ ಮೆತ್ತಗಿನದು. ಗೌಡತಿ ಹೆಸರುಬೇಳೆ ಕಟ್ಟು, ತಿಳಿಸಾರು, ಮಜ್ಜಿಗೆ ಎಂದು ಒಂದೊಂದೇ ಚಮಚ ಕುಡಿಸಿ, “ಬಾಣಂತನ ಮಾಡ್ದಂಗಾಯ್ತು” ಎಂದು ಊರಿಗೆ ಫೋನು ಮಾಡಿದರು. ನಿಜವಾದ ಇಕ್ಕಟ್ಟು ಬಂದದ್ದು ಮುದ್ದೆಯ ದಿನ. ಪ್ರತಿ ತುತ್ತನ್ನೂ ಇಪ್ಪತ್ತು ಮೂವತ್ತು ಸಲ ಅಗಿಯಬೇಕು ಎಂದು ಡಾಕ್ಟರು ಬರೆದು ಕೊಟ್ಟಿದ್ದರು. ಮುದ್ದೆಯನ್ನು ಅಗಿಯಬಾರದು, ಸಾರಿನಲ್ಲಿ ಅದ್ದಿ ನುಂಗಬೇಕು ಎಂದು ತಾತ ತಲೆಗೆ ಮೊಟಕಿ ಕಲಿಸಿದ್ದರು. ಗೌಡರು ಮೊದಲ ತುತ್ತನ್ನು ಬಾಯಿಗಿಟ್ಟುಕೊಂಡು ಅತ್ತ ನುಂಗಲಾರದೆ ಇತ್ತ ಅಗಿಯಲಾರದೆ ಕಣ್ಣು ಕಣ್ಣು ಬಿಡುತ್ತ ಕುಳಿತರು. ಕಡೆಗೆ ತಾತನನ್ನು ಮನಸ್ಸಿನಲ್ಲೇ ಕ್ಷಮೆ ಕೇಳಿ ಅಗಿದರು. “ಇಷ್ಟು ವರ್ಷ ತಿಂದೆ ಕಣೇ, ಮುದ್ದೆಗೆ ಒಂದು ರುಚಿ ಇದೆ ಅಂತ ಗೊತ್ತೇ ಇರಲಿಲ್ಲ” ಎಂದರು. ಗೌಡತಿ ಇದನ್ನು ಹೊಗಳಿಕೆ ಎಂದು ತೆಗೆದುಕೊಳ್ಳಬೇಕೋ ಬೇಡವೋ ಎಂದು ಇನ್ನೂ ತೀರ್ಮಾನಿಸಿಲ್ಲ.

ಆ ಮನೆಯಲ್ಲಿ ಮೂವತ್ತು ವರ್ಷದ ಅಳತೆ ತಪ್ಪಿತ್ತು. ಗೌಡತಿಯ ಕೈ ಹಳೇ ಪಾವಿಗೇ ಹೋಗುತ್ತಿತ್ತು, ದೊಡ್ಡ ಕುಕ್ಕರೇ ಒಲೆ ಏರುತ್ತಿತ್ತು. ಮೊದಲು ಮಿಕ್ಕಿದ್ದನ್ನೆಲ್ಲ ಒಪ್ಪ ಮಾಡಲು ಗೌಡರಿದ್ದರು. ಈಗ ಅರ್ಧ ಬಟ್ಟಲಿಗೆ ಅವರು ಕೈ ತೊಳೆದರೆ ಉಳಿದದ್ದು ಯಾರ ಪಾಲು? ಅನ್ನ ಚೆಲ್ಲಬಾರದು ಎಂದು ಬೆಳೆದ ಹೆಣ್ಣುಮಗಳು, ತಾನೇ ಮುಗಿಸಿದಳು. ಗಂಡನ ಷರ್ಟು ಸಡಿಲವಾದಂತೆಲ್ಲ ಹೆಂಡತಿಯ ರವಿಕೆ ಬಿಗಿಯಾಯಿತು. ಮನೆಯ ಒಟ್ಟು ತೂಕದಲ್ಲಿ ಇಳಿಕೆ ಅಷ್ಟಕ್ಕಷ್ಟೇ ಎಂದು ಮಗ ಲೆಕ್ಕ ಹಾಕಿ ತೋರಿಸಿದ.

ಹೊರಗಿನ ಲೋಕ ಇದಕ್ಕಿಂತ ಕಷ್ಟ. ಕಚೇರಿಯಲ್ಲಿ ಗೌಡರು ಹರ್ನಿಯಾ ಎಂದು ಹೇಳಿ ರಜೆ ಹಾಕಿದ್ದರು. ಹರ್ನಿಯಾದವನು ಸಮೋಸ ಬೇಡ ಅಂದರೆ ಯಾರು ಬಿಡುತ್ತಾರೆ? “ಥೋಡಾ ಸಾ ತೋ ಲೀಜಿಯೇ” ಎಂದು ತಟ್ಟೆ ಮೂಗಿನ ಹತ್ತಿರ ಬರುತ್ತಿತ್ತು. ಆಗ ಗೌಡರಿಗೆ ದೇವರು ನೆನಪಾದ. ದೆಹಲಿಯಲ್ಲಿ ವಾರಕ್ಕೊಂದು ವ್ರತ ಹುಡುಕುವುದು ಕಷ್ಟವಲ್ಲ: ಸೋಮವಾರ ಶಿವ, ಮಂಗಳವಾರ ಹನುಮಾನ್, ಗುರುವಾರ ಸಾಯಿಬಾಬಾ, ಶುಕ್ರವಾರ ಸಂತೋಷಿ ಮಾತಾ. ಊರಿನ ಶನಿವಾರದ ಒಪ್ಪತ್ತು ಹೇಗೂ ಕೈಲಿತ್ತು. ಬುಧವಾರಕ್ಕೆ ಗಣೇಶನಿದ್ದ; ಆದರೆ ಲಡ್ಡು ಹಿಡಿದು ಕೂತ ದೇವರ ಹೆಸರಿನಲ್ಲಿ ಉಪವಾಸ ಅಂದರೆ ನಂಬುವುದಿಲ್ಲವೆಂದು ಅವತ್ತು ಊಟದ ಹೊತ್ತಿಗೆ ಸರಿಯಾಗಿ ಮೀಟಿಂಗ್ ಇಟ್ಟುಕೊಳ್ಳುತ್ತಿದ್ದರು. ಪರಿಣಾಮವೇನೆಂದರೆ ಎರಡೇ ತಿಂಗಳಲ್ಲಿ ಕೃಷಿ ಭವನದ ಆ ಮಹಡಿಯಲ್ಲಿ ಗೌಡರು ಮಹಾ ದೈವಭಕ್ತರೆಂದು ಪ್ರಸಿದ್ಧರಾದರು. ಸ್ಟೆನೋ ಮಗಳ ಮದುವೆಗೆ ಮುಹೂರ್ತ ಕೇಳಿಕೊಂಡು ಬಂದ. ಹೊಸ ಗುಮಾಸ್ತನೊಬ್ಬ ಕಾಲು ಮುಟ್ಟಿದ.

ಕನ್ನಡದವರ ಹತ್ತಿರ ಈ ಆಟ ನಡೆಯಲಿಲ್ಲ. ನಮ್ಮಲ್ಲಿ ದಪ್ಪಗಾದವನನ್ನು ಯಾರೂ ಏನೂ ಕೇಳುವುದಿಲ್ಲ, ಇಳಿದವನಿಗೆ ಮಾತ್ರ ವಿಚಾರಣೆ. “ಏನ್ರೀ ಗೌಡ್ರೇ, ಹಿಂಗಾಗ್ಬಿಟ್ಟಿದ್ದೀರಿ! ಎಲ್ಲಾ ಸರಿಯಾಗಿದೆ ತಾನೆ?” ಎಂದು ಮಲೈ ಮಂದಿರದ ಮೆಟ್ಟಿಲ ಮೇಲೆ ದನಿ ತಗ್ಗಿಸಿ ಕೇಳುವವರು. ಕ್ಯಾನ್ಸರ್ ಎಂದು ಒಬ್ಬರು, ಮನೆಯಲ್ಲಿ ಜಗಳ ಎಂದು ಇನ್ನೊಬ್ಬರು. ನಾಲ್ಕನೇ ತಿಂಗಳಿಗೆ ತಲೆಗೂದಲು ಹಿಡಿ ಹಿಡಿಯಾಗಿ ಉದುರಲು ಶುರುವಾದಾಗ ಮೊದಲನೆಯವರಿಗೆ ಖಾತ್ರಿಯೇ ಆಯಿತು. ಬೇಗ ತೂಕ ಇಳಿದಾಗ ಹೀಗಾಗುತ್ತದೆ, ಮತ್ತೆ ಬರುತ್ತದೆ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಡಾಕ್ಟರು ಹೇಳಿದ್ದನ್ನು ಮಲೈ ಮಂದಿರದ ಮೆಟ್ಟಿಲಿಗೆ ಹೇಳುವವರು ಯಾರು? ಮೇಲಾಗಿ ಆ ಜನವರಿಯ ಚಳಿ. ಹಿಂದೆಲ್ಲ ಅರ್ಧ ತೋಳಿನ ಷರ್ಟಿನಲ್ಲೇ ಮಂಜು ಸೀಳಿಕೊಂಡು ಓಡಾಡುತ್ತಿದ್ದ ಗೌಡರು ಈಗ ಬನಿಯನ್ನಿನ ಮೇಲೆ ಥರ್ಮಲ್, ಥರ್ಮಲ್ ಮೇಲೆ ಸ್ವೆಟರ್, ಸ್ವೆಟರ್ ಮೇಲೆ ಕೋಟು ಹಾಕಿಕೊಂಡು ಹಳೆಯ ಗಾತ್ರಕ್ಕೇ ಬಂದು ನಿಂತರು. ಮೆಟ್ರೋದಲ್ಲಿ ಇನ್ನೊಂದು ಅನ್ಯಾಯ. ಮೊದಲು ಗೌಡರು ಕೂತ ಸೀಟಿನ ಪಕ್ಕ ಯಾರೂ ಸುಳಿಯುತ್ತಿರಲಿಲ್ಲ. ಈಗ ದ್ವಾರಕಾದಿಂದ ರಾಜೀವ್ ಚೌಕದವರೆಗೆ, “ಭಾಯ್ ಸಾಬ್, ಥೋಡಾ ಖಿಸಕ್ ಜಾವೋ” ಎಂದು ಒಬ್ಬರ ಮೇಲೊಬ್ಬರು ತೂರಿಕೊಳ್ಳುವವರೇ.

ಗುಟ್ಟು ಒಡೆದದ್ದು ಜೂನ್ ತಿಂಗಳ ಒಂದು ಮಧ್ಯಾಹ್ನ. ಗುರು ಅರ್ಜನ್ ದೇವ್ ಅವರು ಹುತಾತ್ಮರಾದ ದಿನ ಸಿಖ್ಖರು ರಸ್ತೆ ರಸ್ತೆಯಲ್ಲಿ ಛಬೀಲ್ ಇಡುತ್ತಾರೆ. ಹಾಲು, ಗುಲಾಬಿ ಷರಬತ್ತು, ಐಸು ಬೆರೆಸಿದ ತಣ್ಣನೆಯ ಪಾನಕ. ಹೋಗುವ ಬರುವ ಗಾಡಿಗಳನ್ನೆಲ್ಲ ಕೈ ಅಡ್ಡ ಹಿಡಿದು ನಿಲ್ಲಿಸಿ ಕುಡಿಸಿಯೇ ಬಿಡುತ್ತಾರೆ. ಗೌಡರ ಆಟೊ ನಿಂತಿತು. ಹನ್ನೆರಡು ವರ್ಷದ ಹುಡುಗನೊಬ್ಬ ಸ್ಟೀಲಿನ ಲೋಟ ಕೊಟ್ಟು, ಖಾಲಿ ಲೋಟಕ್ಕಾಗಿ ಕೈ ಚಾಚಿಕೊಂಡು ನಿಂತ. ಈ ಹೊಟ್ಟೆಯ ಕಾನೂನಿನಲ್ಲಿ ಗಟಗಟ ಕುಡಿಯುವುದು ನಿಷೇಧ, ಗುಟುಕಿಗೂ ಗುಟುಕಿಗೂ ನಡುವೆ ಬಿಡುವು ಬೇಕು. ಸಿಹಿ ಬೇಗ ಒಳಗಿಳಿದರೆ ಬೆವರು, ಎದೆ ಡವಡವ, ತಲೆಸುತ್ತು. ಗೌಡರು ಒಂದು ಗುಟುಕು ಕುಡಿದು ಆಕಾಶ ನೋಡಿದರು. ಇನ್ನೊಂದು ಗುಟುಕು ಕುಡಿದು ಹುಡುಗನ ಶಾಲೆಯ ಹೆಸರು ಕೇಳಿದರು. ಹಿಂದಿನ ಗಾಡಿಗಳು ಹಾರ್ನು ಹೊಡೆದವು. “ಅಂಕಲ್ ಜೀ, ಪೀ ಲೋ ನಾ” ಎಂದ ಹುಡುಗ. ಹಿರಿಯ ಸರದಾರ್‌ಜೀ ಒಬ್ಬರು ಬಂದು, “ಪಸಂದ್ ನಹೀ ಆಯಾ?” ಎಂದು ನೊಂದು ಕೇಳಿದರು. ಅವರು ಆಚೆ ತಿರುಗಿದ ಕ್ಷಣದಲ್ಲಿ ಗೌಡರ ಸಂಕಟ ಅರಿತ ಆಟೊದವನು ಲೋಟ ಕಿತ್ತುಕೊಂಡು ಒಂದೇ ಉಸಿರಿಗೆ ಮುಗಿಸಿ ವಾಪಸು ಕೈಗಿಟ್ಟ. ಸರದಾರ್‌ಜೀ ತಿರುಗಿ ನೋಡಿದರು, ಲೋಟ ಖಾಲಿ. ಮುಖ ಅರಳಿತು. “ವಾಹ್!” ಎಂದು ಮತ್ತೆ ಅಂಚಿನವರೆಗೆ ತುಂಬಿಸಿದರು.

ಗೌಡರು ಸೋತರು. ಆಟೊದಿಂದ ಇಳಿದು ಕೈ ಮುಗಿದು, ಹೆಂಡತಿ ಮಕ್ಕಳ ಹೊರತು ಯಾರಿಗೂ ಹೇಳದಿದ್ದನ್ನು ನಡುರಸ್ತೆಯಲ್ಲಿ ಹೇಳಿಬಿಟ್ಟರು: “ಆಪರೇಷನ್ ಹುಆ ಹೈ ಜೀ. ಪೇಟ್ ಕಾಟ್ ದಿಯಾ.” ಸರದಾರ್‌ಜೀ ಒಂದು ಕ್ಷಣ ಗೌಡರ ಹೊಟ್ಟೆ ನೋಡಿದರು, ಒಂದು ಕ್ಷಣ ತಮ್ಮದನ್ನು ನೋಡಿಕೊಂಡರು. ತೋಳು ಹಿಡಿದು ಮರದ ನೆರಳಿಗೆ ಕರೆದೊಯ್ದು ಮೆಲ್ಲಗೆ ಕೇಳಿದರು: “ಖರ್ಚಾ ಕಿತ್ನಾ ಆಯಾ?”

ಅಂದಿನಿಂದ ಗೌಡರು ಬೇರೆಯೇ ಮನುಷ್ಯ. ಮುಚ್ಚಿಟ್ಟರೆ ಬಲವಂತ, ಬಿಚ್ಚಿಟ್ಟರೆ ಗೌರವ ಎಂದು ಗೊತ್ತಾಯಿತು. ನಮ್ಮ ದೇಶದಲ್ಲಿ ತುಂಬಿದ ಹೊಟ್ಟೆಯವನು ಸಾಕು ಅಂದರೆ ಅಹಂಕಾರಿ, ಡಾಕ್ಟರು ಕೊಯ್ದವನು ಸಾಕು ಅಂದರೆ ಮಾತ್ರ ಅದಕ್ಕೆ ಮಾನ್ಯತೆ. ಇಷ್ಟು ವರ್ಷ ತಿಂದದ್ದರಲ್ಲಿ ಎಷ್ಟು ತನ್ನ ಹಸಿವಿಗೆ, ಎಷ್ಟು ಬಡಿಸುವವರ ಮನಸ್ಸಿಗೆ ಎಂದು ಗೌಡರು ಆಡಿಟ್ ಮಾಡಿ ನೋಡಿದರು. ಎರಡನೇ ಖಾತೆಯೇ ದೊಡ್ಡದಿತ್ತಂತೆ. ಇದನ್ನು ಅರ್ಥ ಮಾಡಿಕೊಂಡವರು ಸುಮ್ಮನಿರಬಹುದಿತ್ತು. ಗೌಡರು ಉಪದೇಶಕ್ಕಿಳಿದರು.

ಈಗ ಸಂಘದಲ್ಲಿ ಅವರ ಪಕ್ಕ ಕೂತವರಿಗೆ ಊಟ ದಕ್ಕುವುದಿಲ್ಲ. ದಿನಕ್ಕೆ 60 ಗ್ರಾಮಾದರೂ ಪ್ರೋಟೀನು ಬೇಕು, ನಿಮ್ಮ ಎಲೆಯಲ್ಲಿ ಎಲ್ಲಿದೆ ತೋರಿಸಿ ಎನ್ನುತ್ತಾರೆ. ಊಟದ ಜೊತೆ ನೀರು ಕುಡಿದರೆ ಕಣ್ಣು ಬಿಡುತ್ತಾರೆ: “ಅರ್ಧ ಗಂಟೆ ಬಿಟ್ಟು ಕುಡೀರಿ.” ಅವರ ಹೊಟ್ಟೆಗೆ ಇರುವ ಕಾನೂನು ನಮ್ಮ ಹೊಟ್ಟೆಗೆ ಅನ್ವಯಿಸುವುದಿಲ್ಲ ಎಂದರೆ ಕೇಳುವುದಿಲ್ಲ. ಜೇಬಿನ ಡಬ್ಬಿಯಿಂದ ಬಿ12, ಕಬ್ಬಿಣ, ಕ್ಯಾಲ್ಸಿಯಂ, ಡಿ ಎಂದು ಗುಳಿಗೆ ತೆಗೆದು ಸಾಲಾಗಿ ಜೋಡಿಸಿ, ಇವು ಜನ್ಮಪೂರ್ತಿ ಎಂದು ಮದುವೆಯ ಸಂಬಂಧದ ಬಗ್ಗೆ ಹೇಳುವ ಗತ್ತಿನಲ್ಲಿ ಹೇಳುತ್ತಾರೆ. 2025ರ ಫೆಬ್ರವರಿಯಲ್ಲಿ ಪ್ರಧಾನಿಯವರು ‘ಮನ್ ಕಿ ಬಾತ್’ನಲ್ಲಿ ಅಡುಗೆ ಎಣ್ಣೆ ಶೇಕಡಾ 10ರಷ್ಟು ಕಡಿಮೆ ಮಾಡಿ ಎಂದ ಮರುದಿನ ಗೌಡರು ಕಚೇರಿಯಲ್ಲಿ ಎದ್ದು ನಿಂತು, “ನಾನು ಆಗಲೇ ಹೊಟ್ಟೇನೇ ಶೇಕಡಾ 80 ಕಡಿಮೆ ಮಾಡಿದ್ದೀನಿ” ಎಂದು ಘೋಷಿಸಿದರು. ಕಾಯ್ದೆಯ ಆ 5 ಕೆಜಿ ಈಗ ಅವರಿಗೆ ತಿಂಗಳು ಕಳೆದರೂ ಮುಗಿಯುವುದಿಲ್ಲ.

ಮರುತಿಂಗಳೇ ಅವರ ಪಟ್ಟಕ್ಕೆ ಕುತ್ತು ಬಂತು. ಮಾರ್ಚ್‌ನಲ್ಲಿ ಮೌಂಜಾರೋ ಎಂಬ ಇಂಜೆಕ್ಷನ್ ಭಾರತಕ್ಕೆ ಬಂತು. ವಾರಕ್ಕೊಂದು ಚುಚ್ಚಿಸಿಕೊಂಡರೆ ಹಸಿವೆ ತಗ್ಗುತ್ತದೆ, ತೂಕ ಇಳಿಯುತ್ತದೆ. ಪಕ್ಕದ ಸೆಕ್ಷನ್ನಿನ ಹುಡುಗರು ಕತ್ತರಿ ಕಾಣದೆಯೇ ಬೆಲ್ಟಿಗೆ ಹೊಸ ತೂತು ಹಾಕಿಸಿಕೊಳ್ಳತೊಡಗಿದರು. ಸ್ವಾತಂತ್ರ್ಯ ಬಂದ ಮೇಲೆ ಖಾದಿ ತೊಟ್ಟವರನ್ನು ಜೈಲಿಗೆ ಹೋಗಿ ಬಂದವರು ನೋಡುವಂತೆ ಗೌಡರು ಅವರನ್ನು ನೋಡುತ್ತಾರೆ. “ನಾವು ಕುಯ್ಸ್ಕೊಂಡೋರು. ಅವರು ಬರೀ ಚುಚ್ಚಿಸ್ಕೊಂಡೋರು.”

ಆ ವರ್ಷದ ಕೊನೆಯಲ್ಲಿ ಗೌಡರು ಹೊಸ ಫ್ಲ್ಯಾಟಿನ ಗೃಹಪ್ರವೇಶ ಮಾಡಿದರು. ತಾವು ತಿನ್ನುವುದು ಮೂರು ಚಮಚವಾದರೂ ಅಡುಗೆ ನೂರು ಜನಕ್ಕೆ, ಮೆನು ಅವರದೇ. ತಮ್ಮ ಪಾಲನ್ನು ಬೇರೆಯವರ ಬಾಯಲ್ಲಿ ತಿನ್ನುವ ಹೊಸ ವಿದ್ಯೆ ಅವರಿಗೆ ಸಿದ್ಧಿಸಿತ್ತು. ಪಾಯಸದ ಬಕೆಟ್ಟನ್ನು ಯಾರ ಕೈಗೂ ಕೊಡದೆ ತಾವೇ ಹಿಡಿದು ಪಂಕ್ತಿಯಲ್ಲಿ ನಡೆದರು. ಚುಚ್ಚಿಸಿಕೊಂಡ ಹುಡುಗನೊಬ್ಬ ಎಲೆಗೆ ಎರಡೂ ಕೈ ಅಡ್ಡ ಹಿಡಿದ.

“ಬೇಡ ಸಾರ್, ಸಾಕು.”

“ಎಂಥಾ ಸಾಕು? ಒಂದೇ ಸೌಟು. ಏನೂ ಆಗಲ್ಲ.”

ಹುಡುಗನೂ ದೆಹಲಿಯಲ್ಲೇ ಬೆಳೆದವನು. “ಸಾರ್, ಇವತ್ತು ಮಂಗಳವಾರ. ಹನುಮಾನ್ ಜೀ ವ್ರತ.”

ಗೌಡರು ಸೌಟನ್ನು ಅಲ್ಲಾಡಿಸದೆ ಅವನನ್ನೇ ನೋಡಿದರು. “ಮಂಗಳವಾರದ ವ್ರತಕ್ಕೆ ಬಿಡಬೇಕಾದ್ದು ಉಪ್ಪು ಕಣಪ್ಪಾ, ಸಿಹಿ ನಡೀತದೆ. ಕೈ ತೆಗಿ.”